26 ಅಡಿ ಕಾಲುಹಾದಿಯೂ ಒಂದು ಸಂಶೋಧನಾ ವರದಿಯೂ

ನಮಸ್ಕಾರ. ಅಮೆರಿಕದ ಕಾಲೇಜೊಂದರಲ್ಲಿ ಎರಡನೆಯ ವರ್ಷ ಓದುತ್ತಿರುವ ನನ್ನ ಅಕ್ಕನ ಮಗಳು ಕಳೆದ ತಿಂಗಳು ತನ್ನ ಸಂಶೋಧನಾ ವರದಿಯ ಕರಡನ್ನು ಕಳುಹಿಸಿ, "ಮಾಮ, ಒಂದ್ಸಲ ಓದಿ ಹೇಳಿ" ಎಂದು ಕೇಳಿದಳು. 1960ರ ದಶಕದ ಅಮೆರಿಕದ ಸಾಮಾಜಿಕ ಬದಲಾವಣೆ ಮತ್ತು ಪ್ರತಿಸಂಸ್ಕೃತಿ (ಕೌಂಟರ್‌ಕಲ್ಚರ್, ಅಂದರೆ ಚಾಲ್ತಿಯಲ್ಲಿರುವ ಮೌಲ್ಯಗಳಿಗೆ ಎದುರಾಗಿ ನಿಲ್ಲುವ ಜೀವನಕ್ರಮ) ಎಂಬುದು ಅವಳಿಗೆ ಕೊಟ್ಟಿದ್ದ ವಿಷಯ. ಆ ದಶಕದಲ್ಲಿ ಅಮೆರಿಕದ ಯುವಜನರು ಹಳೆಯ ಮೌಲ್ಯಗಳನ್ನೆಲ್ಲ ತಿರಸ್ಕರಿಸಿ ಹೊಸ ಸಮಾಜ ಕಟ್ಟಲು ಹೊರಟರು ಎಂಬ ವಾಕ್ಯದಿಂದ ಕರಡು ಆರಂಭವಾಗಿತ್ತು. ಇತಿಹಾಸ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಈ ವಾಕ್ಯವನ್ನು ಬೇರೆ ಬೇರೆ ಕೈಬರಹಗಳಲ್ಲಿ ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಯಾವ ಯುವಜನರು, ಯಾವ ಊರಿನವರು, ಯಾವ ಮೌಲ್ಯವನ್ನು, ಯಾವ ದಿನ ತಿರಸ್ಕರಿಸಿದರು ಎಂದು ಕೇಳಿದರೆ ಆ ವಾಕ್ಯದ ಬಳಿ ಉತ್ತರವಿಲ್ಲ. ಉತ್ತರವಿಲ್ಲದ ಕಾರಣಕ್ಕೇ ಅದನ್ನು ಯಾರೂ ಅಲ್ಲಗಳೆಯಲೂ ಆಗುವುದಿಲ್ಲ. ಅಲ್ಲಗಳೆಯಲಾಗದ ವಾಕ್ಯದಿಂದ ಹೊರಟ ವರದಿಯಲ್ಲಿ ಸಂಶೋಧನೆಗೆ ಕೆಲಸವೇ ಉಳಿಯುವುದಿಲ್ಲ.

ತಪ್ಪು ಅವಳೊಬ್ಬಳದಲ್ಲ. ನನ್ನ ವಯಸ್ಸಿನ ಕನ್ನಡಿಗರಿಗೆ ಹಿಪ್ಪಿ ಎಂಬ ಪದ ಪರಿಚಯವಾದದ್ದೇ ಮನೆಯಲ್ಲಿ ಬೈಗುಳವಾಗಿ, ಕ್ಷೌರದಂಗಡಿಯಲ್ಲಿ 'ಹಿಪ್ಪಿ ಕಟ್' ಆಗಿ. ಕಿವಿ ಮುಚ್ಚುವ ಕೂದಲು, ಹೂವು, ಗಿಟಾರು, ಹೊಗೆ: ಈ ಚಿತ್ರ ತಲೆಯಲ್ಲಿ ಕುಳಿತ ಮೇಲೆ ಆ ದಶಕದಲ್ಲಿ ನಡೆದುದೆಲ್ಲವೂ ಇದೇ ಜಾತ್ರೆಯ ಭಾಗವೆಂದು ಕಾಣತೊಡಗುತ್ತದೆ. ಅವಳ ಕರಡಿನಲ್ಲೂ ಕರಿಯರ ನಾಗರಿಕ ಹಕ್ಕುಗಳ ಹೋರಾಟ, ವಿಯೆಟ್ನಾಂ ಯುದ್ಧದ ವಿರೋಧ, ಮಾದಕ ದ್ರವ್ಯ ಮತ್ತು ವುಡ್‌ಸ್ಟಾಕ್ ಸಂಗೀತೋತ್ಸವ ಒಂದೇ ಪ್ಯಾರಾದಲ್ಲಿ ಒಟ್ಟಿಗೆ ಸಾಗುತ್ತಿದ್ದವು. ಸಾಮಾಜಿಕ ಬದಲಾವಣೆ ಮತ್ತು ಪ್ರತಿಸಂಸ್ಕೃತಿ ಎಂಬ ಶೀರ್ಷಿಕೆಯಲ್ಲಿರುವ 'ಮತ್ತು' ಎಂಬ ಪದವೇ ನಿಜವಾದ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಎರಡರ ನಡುವೆ ಸಂಬಂಧವಿದೆ ಎಂದು ಮೊದಲೇ ಒಪ್ಪಿಕೊಂಡು ಬರೆಯಬಾರದು; ಒಂದು ನಿರ್ದಿಷ್ಟ ಸ್ಥಳದಲ್ಲಿ, ನಿರ್ದಿಷ್ಟ ದಿನಗಳಲ್ಲಿ ಆ ಸಂಬಂಧ ಇತ್ತೋ ಇಲ್ಲವೋ ಎಂದು ಕಾಗದಪತ್ರಗಳಲ್ಲಿ ಹುಡುಕಬೇಕು.

ನಾನು ಅವಳಿಗೆ ಸೂಚಿಸಿದ್ದು 26 ಅಡಿಯ ಒಂದು ಕಾಲುಹಾದಿಯನ್ನು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ದಕ್ಷಿಣ ದ್ವಾರದ ಬಳಿ, ಬ್ಯಾಂಕ್ರಾಫ್ಟ್ ರಸ್ತೆ ಮತ್ತು ಟೆಲಿಗ್ರಾಫ್ ಅವೆನ್ಯೂ ಸೇರುವಲ್ಲಿ ಇಟ್ಟಿಗೆ ಹಾಸಿದ ಒಂದು ಪಟ್ಟಿ ಇತ್ತು. ಅದು ನಗರಸಭೆಗೆ ಸೇರಿದ ಜಾಗವೆಂದು ಬಹುಮಂದಿ ನಂಬಿದ್ದರಿಂದ ವಿದ್ಯಾರ್ಥಿ ಸಂಘಟನೆಗಳು ಅಲ್ಲಿ ಮೇಜು ಹಾಕಿಕೊಂಡು ಕರಪತ್ರ ಹಂಚುತ್ತಿದ್ದವು, ಚಂದಾ ಎತ್ತುತ್ತಿದ್ದವು. ಆ ಜಾಗ ತನ್ನದೆಂದೂ ಇನ್ನು ಅಲ್ಲಿ ರಾಜಕೀಯದ ಮೇಜುಗಳಿಗೆ ಅವಕಾಶವಿಲ್ಲವೆಂದೂ ವಿಶ್ವವಿದ್ಯಾಲಯದ ಆಡಳಿತ 1964ರ ಸೆಪ್ಟೆಂಬರ್ 14ರಂದು ತಿಳಿಸಿತು. ಅಕ್ಟೋಬರ್ 1ರಂದು ನಾಗರಿಕ ಹಕ್ಕುಗಳ ಸಂಘಟನೆಯೊಂದರ ಮೇಜಿನಲ್ಲಿ ಕುಳಿತಿದ್ದ ಜ್ಯಾಕ್ ವೈನ್‌ಬರ್ಗ್ ಎಂಬ ಯುವಕನನ್ನು ಪೊಲೀಸರು ಕಾರಿಗೆ ಹತ್ತಿಸಿದಾಗ ಸುತ್ತಲಿದ್ದ ವಿದ್ಯಾರ್ಥಿಗಳು ಕಾರಿನ ಹಿಂದೆ ಮುಂದೆ ನೆಲದ ಮೇಲೆ ಕುಳಿತುಬಿಟ್ಟರು, ಮತ್ತು ಕಾರು ಸುಮಾರು 32 ಗಂಟೆ ಅಲ್ಲಿಂದ ಕದಲಲಿಲ್ಲ. ಅಷ್ಟು ಹೊತ್ತೂ ವೈನ್‌ಬರ್ಗ್ ಒಳಗೇ ಇದ್ದ. ಮಾತನಾಡುವವರು ಒಬ್ಬೊಬ್ಬರಾಗಿ ಕಾರಿನ ಮೇಲೆ ಹತ್ತಿ ಭಾಷಣ ಮಾಡಿದರು; ಚಳವಳಿಯ ಮುಖ್ಯ ವಾಗ್ಮಿಯಾದ ಮಾರಿಯೋ ಸಾವಿಯೋ ಹತ್ತುವ ಮುನ್ನ ಷೂ ಕಳಚಿಟ್ಟ, ಕಾರಿಗೆ ಗೀರು ಬೀಳಬಾರದೆಂದು.

ಕಳಚಿಟ್ಟ ಆ ಷೂಗಳ ಮುಂದೆ ನನ್ನ ಅಕ್ಕನ ಮಗಳು ಬಹಳ ಹೊತ್ತು ನಿಲ್ಲಬೇಕೆಂದು ನನ್ನ ಆಸೆಯಾಗಿತ್ತು. ಹಳೆಯದನ್ನೆಲ್ಲ ತಿರಸ್ಕರಿಸಿದವನು ಪೊಲೀಸ್ ಕಾರಿನ ಮೇಲೆ ಹತ್ತುವಾಗ ಷೂ ಬಿಚ್ಚುವುದೇಕೆ? ಆ ಶರತ್ಕಾಲದ ಛಾಯಾಚಿತ್ರಗಳಲ್ಲಿ ಕೋಟು ಟೈ ತೊಟ್ಟ ಹುಡುಗರು ಕಾಣುತ್ತಾರೆ, ಉದ್ದ ಕೂದಲಿನವರು ಹೆಚ್ಚಿಲ್ಲ. ನಿಷೇಧದ ವಿರುದ್ಧ ಮೊದಲು ಒಂದಾದ ಸಂಘಟನೆಗಳಲ್ಲಿ ಎಡಪಂಥೀಯರಂತೆ ಆ ವರ್ಷ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಕಟ್ಟಾ ಸಂಪ್ರದಾಯವಾದಿ ಬ್ಯಾರಿ ಗೋಲ್ಡ್‌ವಾಟರ್ ಅವರ ಬೆಂಬಲಿಗ ವಿದ್ಯಾರ್ಥಿಗಳೂ ಇದ್ದರು, ಏಕೆಂದರೆ ಮೇಜು ಅವರಿಗೂ ಬೇಕಿತ್ತು. ಸಾವಿಯೋ ಆ ಬೇಸಿಗೆಯನ್ನು ಮಿಸಿಸಿಪಿಯಲ್ಲಿ, ಮತದಾನದ ಹಕ್ಕಿನಿಂದ ವಂಚಿತರಾಗಿದ್ದ ಕರಿಯರ ನಡುವೆ ಕೆಲಸ ಮಾಡುತ್ತ ಕಳೆದು ಬಂದಿದ್ದ. ಅಂದಮೇಲೆ ಬರ್ಕ್ಲಿಯ ಬೇರನ್ನು ಹುಡುಕುವವರು ಸ್ಯಾನ್ ಫ್ರಾನ್ಸಿಸ್ಕೋದ ಹೂವಿನ ಮಕ್ಕಳಾದ ಹಿಪ್ಪಿಗಳ ಕಡೆಗಲ್ಲ, ಅಮೆರಿಕದ ದಕ್ಷಿಣದ ರಾಜ್ಯಗಳ ಕಡೆಗೆ ನೋಡಬೇಕು. 1960ರ ಫೆಬ್ರವರಿ 1ರಂದು ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ ಊರಿನಲ್ಲಿ, ಬಿಳಿಯರಿಗೆ ಮಾತ್ರ ಊಟ ಬಡಿಸುವ ಕೌಂಟರಿನ ಮುಂದೆ ಹೋಗಿ ಕುಳಿತ ನಾಲ್ವರು ಕರಿಯ ವಿದ್ಯಾರ್ಥಿಗಳ ಕಡೆಗೆ. 1964ರ ಡಿಸೆಂಬರ್ ಆರಂಭದಲ್ಲಿ ಬರ್ಕ್ಲಿಯ ಆಡಳಿತ ಕಟ್ಟಡವಾದ ಸ್ಪ್ರೌಲ್ ಹಾಲ್ ಒಳಗೆ ಧರಣಿ ಕುಳಿತ ಸುಮಾರು 800 ಮಂದಿ ಬಂಧಿತರಾದರು, ಅದೇ ತಿಂಗಳ 8ರಂದು ಅಧ್ಯಾಪಕರ ಸಭೆ 824–115 ಮತಗಳಿಂದ ವಿದ್ಯಾರ್ಥಿಗಳ ಬೇಡಿಕೆಯ ಪರ ನಿಂತಿತು. ಇದು ಬದಲಾವಣೆ ಹೌದು. ಪ್ರತಿಸಂಸ್ಕೃತಿ ಹೌದೇ ಎಂಬುದನ್ನು ವರದಿ ವಾದಿಸಿ ತೋರಿಸಬೇಕಾಗುತ್ತದೆ. ಈ ಚಳವಳಿಯ ಕರಪತ್ರಗಳು, ಭಾಷಣಗಳು, ಪತ್ರಗಳು ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿದ್ದು, ಅವುಗಳಲ್ಲಿ ಬಹಳಷ್ಟನ್ನು ಅಂತರ್ಜಾಲದಲ್ಲೇ ಓದಬಹುದು.

ಪ್ರತಿಸಂಸ್ಕೃತಿ ಎಂಬ ಪದವೂ ಸ್ವಲ್ಪ ತಡವಾಗಿ ಬಂದದ್ದು. ಸಮಾಜಶಾಸ್ತ್ರಜ್ಞ ಮಿಲ್ಟನ್ ಯಿಂಗರ್ 1960ರಲ್ಲೇ ಇದಕ್ಕೆ ಹತ್ತಿರದ ಪದವೊಂದನ್ನು ಬಳಸಿದ್ದರೂ, ಅದು ಎಲ್ಲರ ಬಾಯಿಗೆ ಬಂದದ್ದು 1969ರಲ್ಲಿ ಥಿಯೊಡೋರ್ ರೋಝಾಕ್ ಬರೆದ ಪುಸ್ತಕದಿಂದ. ಹಾಗಾಗಿ 1964ರ ವಿದ್ಯಾರ್ಥಿಯ ಮೇಲೆ ಆ ಹೆಸರನ್ನು ಹೊದಿಸುವವರು ತಾವು ಹೊದಿಸುತ್ತಿದ್ದೇವೆ ಎಂಬುದನ್ನು ಒಂದು ಅಡಿಟಿಪ್ಪಣಿಯಲ್ಲಾದರೂ ಒಪ್ಪಿಕೊಳ್ಳಬೇಕು. ಹಿಪ್ಪಿ ಎಂಬ ಹೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. ಸ್ಯಾನ್ ಫ್ರಾನ್ಸಿಸ್ಕೋದ ಹೈಟ್-ಆಶ್‌ಬರಿ ಬಡಾವಣೆಯಲ್ಲಿ ಬಂದವರಿಗೆಲ್ಲ ಪುಕ್ಕಟೆ ಊಟ ಹಾಕುತ್ತಿದ್ದ, 17ನೆಯ ಶತಮಾನದ ಇಂಗ್ಲೆಂಡಿನ ಬಡ ರೈತರ ಗುಂಪೊಂದರಿಂದ ತಮ್ಮ ಹೆಸರನ್ನು ಪಡೆದ ಡಿಗ್ಗರ್ಸ್ ಎಂಬವರು 1967ರ ಅಕ್ಟೋಬರ್ 6ರಂದು ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ಮೆರವಣಿಗೆ ಮಾಡಿ ಹಿಪ್ಪಿ ಸತ್ತನೆಂದು ಸಾರಿದರು. ಪತ್ರಿಕೆಗಳು ಹುಟ್ಟಿಸಿದ ಕೂಸನ್ನು ಹೂಳುತ್ತಿದ್ದೇವೆ ಎಂಬುದು ಅವರ ನಿಲುವು. ವುಡ್‌ಸ್ಟಾಕ್ ನಡೆಯಲು ಇನ್ನೂ ಎರಡು ವರ್ಷ ಬಾಕಿ ಇತ್ತು! ನಾವು ಭಾರತೀಯರು ವುಡ್‌ಸ್ಟಾಕ್ ಎಂದೊಡನೆ ರವಿಶಂಕರ್ ಅವರ ಸಿತಾರ್ ನೆನೆದು ಬೀಗುತ್ತೇವೆ. ಅಲ್ಲಿನ ಅಮಲಿನ ವಾತಾವರಣ ತಮಗೆ ಹಿಡಿಸಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡದ್ದನ್ನು ಮಾತ್ರ ನೆನೆಯುವುದಿಲ್ಲ.

ಕರಡಿನಲ್ಲಿ ನನಗೆ ಹೆಚ್ಚು ಕೊರತೆಯೆನಿಸಿದ್ದು ಹೆಣ್ಣುಮಕ್ಕಳ ದನಿ. ನಾಗರಿಕ ಹಕ್ಕುಗಳ ಚಳವಳಿಯೊಳಗೇ ದುಡಿದ ಕೇಸಿ ಹೇಡನ್ ಮತ್ತು ಮೇರಿ ಕಿಂಗ್ ಎಂಬ ಇಬ್ಬರು ಬಿಳಿಯ ಯುವತಿಯರು 1965ರ ನವೆಂಬರ್‌ನಲ್ಲಿ ತಮ್ಮ ಸಂಗಾತಿ ಹೆಂಗಸರಿಗೆ ಒಂದು ಸುತ್ತೋಲೆ ಬರೆದರು. ಅನ್ಯಾಯದ ವಿರುದ್ಧ ಹೋರಾಡುವ ಸಂಘಟನೆಯಲ್ಲೂ ಮನೆಗೆಲಸ, ಕಚೇರಿಯ ಬರವಣಿಗೆ ಹೆಂಗಸರ ಪಾಲಿಗೇ ಬರುತ್ತದೆ, ತೀರ್ಮಾನಗಳು ಮಾತ್ರ ಗಂಡಸರ ಕೈಯಲ್ಲಿರುತ್ತವೆ ಎಂಬ ಅಳಲನ್ನು ಹೊತ್ತ ಆ ಬರಹದ ತಲೆಬರಹದಲ್ಲೇ ಇರುವ ಪದ 'ಕಾಸ್ಟ್', ಅಂದರೆ ಜಾತಿ. ಕನ್ನಡದ ಓದುಗರು ಈ ಪದ ಕಂಡೊಡನೆ ಎದ್ದು ಕೂರುವುದು ಸಹಜ. ಆದರೆ ಅವರು ಹೇಳುತ್ತಿದ್ದುದು ನಮ್ಮ ಊರಿನ ಕೇರಿಗಳನ್ನಲ್ಲ. ಹುಟ್ಟಿನಿಂದಲೇ ಗೊತ್ತುಪಡಿಸಿದ, ದಾಟಲು ಕಷ್ಟವಾದ ಸ್ಥಾನಮಾನವನ್ನು. ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಅಳೆಯಲು ಜಾತಿಯನ್ನು ಬಲ್ಲ ಮನೆಯ ಹುಡುಗಿಗೆ ತರಗತಿಯ ಉಳಿದವರಿಗಿಂತ ಹೆಚ್ಚಿನ ಅನುಕೂಲವಿದೆ, ಮತ್ತು ಆ ಅನುಕೂಲವನ್ನು ಬಳಸದಿರುವುದು ದಂಡ.

ಯುವಜನರು ಎಂಬ ಪದಕ್ಕೆ ಮತ್ತೆ ಬರುತ್ತೇನೆ. 1970ರ ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಪ್ರದರ್ಶನ ನಡೆಸುತ್ತಿದ್ದಾಗ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯ ಸೈನಿಕರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ದೇಶವೇ ವಿದ್ಯಾರ್ಥಿಗಳ ಪರ ಕಣ್ಣೀರಿಟ್ಟಿತು ಎಂದು ಬರೆಯಲು ಕೈ ತುರಿಸುತ್ತದೆ. ಅದಾದ ಕೆಲವೇ ದಿನಗಳಲ್ಲಿ ಗ್ಯಾಲಪ್ ನಡೆಸಿದ ಸಮೀಕ್ಷೆಯಲ್ಲಿ ಶೇ. 58ರಷ್ಟು ಮಂದಿ ತಪ್ಪು ವಿದ್ಯಾರ್ಥಿಗಳದೇ ಎಂದರು, ಸೈನಿಕರನ್ನು ದೂರಿದವರು ಶೇ. 11 ಮಾತ್ರ. ಎರಡು ವರ್ಷಗಳ ನಂತರದ ಚುನಾವಣೆಯಲ್ಲಿ, ವಿದ್ಯಾರ್ಥಿಗಳು ಯಾರ ಯುದ್ಧನೀತಿಯನ್ನು ವಿರೋಧಿಸಿದ್ದರೋ ಆ ಅಧ್ಯಕ್ಷ ನಿಕ್ಸನ್ 49 ರಾಜ್ಯಗಳನ್ನು ಗೆದ್ದರು. ಈ ಅಂಕಿಗಳನ್ನು ಬಿಟ್ಟು ಬರೆದ ವರದಿಯಲ್ಲಿ ಕೂಗಿದವರು ಮಾತ್ರ ಇರುತ್ತಾರೆ, ಕೂಗನ್ನು ಕೇಳಿ ಕಿಟಕಿ ಮುಚ್ಚಿಕೊಂಡವರು ಇರುವುದಿಲ್ಲ.

ಇನ್ನೊಂದು ಬದಲಾವಣೆ ಅವಳ ಕರಡಿನಲ್ಲಿ ಎಲ್ಲಿಯೂ ಇರಲಿಲ್ಲ, ಆದರೆ ಆ ಕರಡನ್ನು ಅಮೆರಿಕದಲ್ಲಿ ಕುಳಿತು ಬರೆಯಲು ಸಾಧ್ಯವಾದದ್ದೇ ಅದರಿಂದ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬಳಿ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅದಕ್ಕೂ ಮೊದಲು, 1946ರ ಕಾನೂನಿನ ಪ್ರಕಾರ, ಭಾರತಕ್ಕೆ ವರ್ಷಕ್ಕೆ ಕೇವಲ 100 ವಲಸಿಗರ ಪಾಲು ಇತ್ತು. ಮೂಲ ದೇಶವನ್ನು ನೋಡಿ ಪಾಲು ಹಂಚುವ ಆ ಪದ್ಧತಿಯನ್ನು ತೆಗೆದುಹಾಕಿದ್ದು, ಜನಾಂಗಭೇದಕ್ಕೆ ಕಾನೂನಿನಲ್ಲಿ ಜಾಗವಿರಬಾರದೆಂಬ ನಾಗರಿಕ ಹಕ್ಕುಗಳ ಕಾಲದ ಒತ್ತಡದ ಫಲವೂ ಹೌದು. ಇದಕ್ಕಾಗಿ ಯಾರೂ ಹೊಲದಲ್ಲಿ ಮೂರು ದಿನ ಹಾಡು ಹಾಡಲಿಲ್ಲ. ಆದರೂ ಅಮೆರಿಕದಲ್ಲಿ ಇಂದು ಕನ್ನಡ ಕೂಟಗಳು ನಡೆಯುತ್ತಿದ್ದರೆ ಅದರ ಹಿಂದೆ ವುಡ್‌ಸ್ಟಾಕ್ ಇಲ್ಲ, ಈ ಕಾನೂನು ಇದೆ.

ಅವಳ ಅಜ್ಜ, ಅಂದರೆ ತಂದೆಯ ತಂದೆ, 1968ರಲ್ಲಿ ಒಹಾಯೊಗೆ ಎಂಜಿನಿಯರಿಂಗ್ ಓದಲು ಹೋದವರು, ಆಮೇಲೆ ಇದೇ ಕಾನೂನಿನಡಿ ಅಲ್ಲೇ ನೆಲೆಸಿದವರು. ಪ್ರತಿಸಂಸ್ಕೃತಿಯ ಬಗ್ಗೆ ಇಡೀ ಕರಡು ಬರೆದ ಹುಡುಗಿ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ನಾನು ಒತ್ತಾಯಿಸಿದ ಮೇಲೆ ಫೋನು ಮಾಡಿ, 1970ರ ಮೇ ತಿಂಗಳಲ್ಲಿ ನೀವೇನು ಮಾಡುತ್ತಿದ್ದಿರಿ ಎಂದು ಕೇಳಿದಳು. "ಕಾಲೇಜು ಮುಚ್ಚಿ, ಹಾಸ್ಟೆಲ್ ಖಾಲಿ ಮಾಡಿ ಅಂದ್ರಮ್ಮ. ಅಮೆರಿಕದ ಹುಡುಗರು ಮನೆಗೆ ಹೋದರು. ನಾನು ಎಲ್ಲಿಗೆ ಹೋಗಲಿ, ಹಾಸನಕ್ಕಾ?" ಎಂದರಂತೆ. ಐವತ್ತು ವರ್ಷ ದಾಟಿದ ನೆನಪು ಎಷ್ಟು ನಂಬಿಕೆಗೆ ಅರ್ಹ ಎಂಬ ಪ್ರಶ್ನೆಯನ್ನು ಈ ಸಲ ನಾನು ಹೇಳಿಕೊಡಬೇಕಾಗಲಿಲ್ಲ. ಆ ಕಾಲೇಜಿನ ವಿದ್ಯಾರ್ಥಿ ಪತ್ರಿಕೆಯ ಮೇ ತಿಂಗಳ ಸಂಚಿಕೆಗಳನ್ನು ತರಿಸಿಕೊಂಡು, ವಿದೇಶಿ ವಿದ್ಯಾರ್ಥಿಗಳಿಗೆ ಹಾಸ್ಟೆಲಿನಲ್ಲಿ ಉಳಿಯಲು ಅನುಮತಿ ಕೊಟ್ಟ ಪ್ರಕಟಣೆ ಏನಾದರೂ ಇದೆಯೇ ಎಂದು ಅವಳು ಈಗ ಪುಟ ಪುಟವಾಗಿ ಹುಡುಕುತ್ತಿದ್ದಾಳೆ.