ನಮ್ಮ ಬಾವಿ ಯಾಕೆ ಬತ್ತುತ್ತದೆ?

ಮಕ್ಕಳೇ, ನಮಸ್ಕಾರ.

ಈ ಸಲ ನೀವು ಕಳುಹಿಸಿದ ಪತ್ರಗಳಲ್ಲಿ ಬಾವಿಯದ್ದೇ ಸುದ್ದಿ. ಮೂಡುಬಿದಿರೆ ಕಡೆಯ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೀಗೆ ಕೇಳಿದ್ದಾಳೆ: "ಜುಲೈಯಲ್ಲಿ ನಮ್ಮ ಬಾವಿ ಕೈಗೆ ಸಿಗುವಷ್ಟು ತುಂಬಿರುತ್ತದೆ. ಏಪ್ರಿಲ್‌ನಲ್ಲಿ ಕೊಡಪಾನ ಇಳಿಸಿದರೆ ಕಲ್ಲಿಗೆ ತಾಗಿ ಠಣ್ ಅನ್ನುತ್ತದೆ. ಅಷ್ಟು ನೀರು ಎಲ್ಲಿಗೆ ಹೋಯಿತು?" ದೊಡ್ಡವರೂ ಕೇಳಬೇಕಾದ ಪ್ರಶ್ನೆ ಇದು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುತ್ತದೆ. ಬಿದ್ದ ನೀರು ಹರಿಯದೆ, ಇಂಗದೆ ಅಲ್ಲೇ ನಿಂತರೆ ಎರಡಾಳು ಎತ್ತರ ಆಗುತ್ತದೆ! ಆದರೆ ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮತ್ತೆ ಅದಕ್ಕೆ ಕಡಲು ಸೇರುವ ಅವಸರ. ಕೊಡಗಿನಲ್ಲಿ ಹುಟ್ಟುವ ಕಾವೇರಿ ಸಮುದ್ರ ಸೇರಲು ಸುಮಾರು 800 ಕಿಲೋಮೀಟರ್ ನಡೆಯುತ್ತಾಳೆ. ನಮ್ಮ ನೇತ್ರಾವತಿಗೆ ಇರುವ ದಾರಿ 100 ಕಿಲೋಮೀಟರಿನಷ್ಟು. ಅದೂ ಘಟ್ಟದಿಂದ ಇಳಿಜಾರು.

ಇನ್ನು ನೆಲದೊಳಗೆ ಇಳಿದ ನೀರಿನ ಕತೆ. ಮನೆ ಕಟ್ಟುವಲ್ಲಿ ಬಿದ್ದಿರುವ ಮುರಕಲ್ಲಿನ ಒಂದು ಒಣ ತುಂಡು ಹುಡುಕಿ. ಕೆಂಪು ಕಲ್ಲು ಅಂತಲೂ ಹೇಳ್ತೇವಲ್ಲ, ಅದೇ. ಹತ್ತಿರದಿಂದ ನೋಡಿ. ಮೈತುಂಬ ತೂತು, ತೂತಿನೊಳಗೆ ಹಳದಿ ಮಣ್ಣು. ಮೇಲೆ ನಿಧಾನವಾಗಿ ಒಂದು ಲೋಟ ನೀರು ಹೊಯ್ಯಿರಿ. ಸ್ವಲ್ಪ ಹೊತ್ತಿನಲ್ಲಿ ಕಲ್ಲಿನ ಅಡಿ ಒದ್ದೆಯಾಗುತ್ತದೆ. ನಮ್ಮ ಗುಡ್ಡಗಳ ಮೇಲೆ ಇರುವುದು ಹೆಚ್ಚಾಗಿ ಇದೇ ಕಲ್ಲು. ಲಕ್ಷಾಂತರ ವರ್ಷಗಳ ಮಳೆ ಬಂಡೆಯಲ್ಲಿದ್ದ ಬೇರೆ ಅಂಶಗಳನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಜಾಸ್ತಿ ಉಳಿದದ್ದರಿಂದ ಈ ಕಲ್ಲು ಆಗಿದೆ. ಕೆಂಪು ಬಣ್ಣ ತುಕ್ಕು ಹಿಡಿದ ಕಬ್ಬಿಣದ್ದು. ಮಳೆಗಾಲದಲ್ಲಿ ಹೊಳೆ ಯಾಕೆ ಕೆಂಪಾಗುತ್ತದೆ ಅಂತ ಕೇಳಿದ ಹಿರಿಯಡ್ಕದ ಹುಡುಗನಿಗೂ ಇದೇ ಉತ್ತರ. ಮರ ಕಡಿದು ಬೋಳಾದ ಜಾಗದ ಕೆಂಪು ಮಣ್ಣು ಹೊಳೆಗೆ ಇಳಿಯುತ್ತದೆ. ಬಾವಿಯ ನೀರು ಮಣ್ಣಿನ ನಡುವೆ ಸೋಸಿಕೊಂಡು ಬರುವುದರಿಂದ ತಿಳಿಯಾಗಿರುತ್ತದೆ.

ಮುರಕಲ್ಲಿನ ಅಡಿಯಲ್ಲಿ ಬೆಳ್ಳಗಿನ ಶೇಡಿ ಮಣ್ಣು ಉಂಟು. ಅದು ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಹಾಗಾಗಿ ಗುಡ್ಡದೊಳಗೆ ಇಳಿದ ನೀರು ಶೇಡಿಯ ಮೇಲೆ ಜಾರುತ್ತಾ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಅಲ್ಲಿಂದ ತೋಡು, ತೋಡಿನಿಂದ ಹೊಳೆ, ಹೊಳೆಯಿಂದ ಕಡಲು. ಬಾವಿ ಅಂದರೆ ಟ್ಯಾಂಕ್ ಅಲ್ಲ ಮಕ್ಕಳೇ. ಸುತ್ತಲಿನ ನೆಲದಲ್ಲಿ ನೀರು ಎಷ್ಟು ಎತ್ತರಕ್ಕೆ ಉಂಟೋ ಬಾವಿಯಲ್ಲೂ ಅಷ್ಟೇ. ನೆಲದ ನೀರು ಜಾರಿ ಹೋಯಿತು, ಬಾವಿಯೂ ಇಳಿಯಿತು.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗುಡ್ಡದ ಮೇಲಿನ ತಗ್ಗಿನಲ್ಲಿ ಮಳೆನೀರು ನಿಲ್ಲಿಸುವ ಮದಕಗಳನ್ನು ಅವರು ಕಾಪಾಡಿದರು. ಮಳೆ ಹಿಂದೆ ಸರಿದು ತೋಡಿನ ಹರಿವು ತಗ್ಗಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ ಹಾಕಿ ತೋಡಿಗೆ ಅಡ್ಡಲಾಗಿ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟಿದರು. ತೋಡಿನಲ್ಲಿ ನೀರು ನಿಂತರೆ ಅಕ್ಕಪಕ್ಕದ ಬಾವಿಗಳಲ್ಲಿ ನೀರು ಏರುತ್ತದೆ. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಗುಡ್ಡದೊಳಗಿನ ನೀರನ್ನು ತೋಟಕ್ಕೆ ಹರಿಸಿದರು. ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಅಗೆದರು. ಒಂದರ ಮೇಲೊಂದು ಸುರಂಗದಲ್ಲಿ ನೀರು ಸಿಗದಿದ್ದರೂ ಬಿಡಲಿಲ್ಲ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ತೋಟದ ಸುದ್ದಿ ಕೇಳಿದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ನಾವು ಈಗ ಏನು ಮಾಡುತ್ತಿದ್ದೇವೆ? ಅಂಗಳಕ್ಕೆ ಇಂಟರ್‌ಲಾಕ್, ದಾರಿಗೆ ಕಾಂಕ್ರೀಟ್. ಮನೆಯ ನೀರೆಲ್ಲ ನೇರ ಚರಂಡಿಗೆ. 2019ರ ಮೇಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ಸರದಿಯಲ್ಲಿ ನೀರು ಬಿಡಬೇಕಾಯಿತು. ಇಷ್ಟು ಮಳೆ ಬೀಳುವ ಊರಿನಲ್ಲಿ ಕೊಡ ಹಿಡಿದು ಕಾಯುವುದೆಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಮಲ್ಪೆಯಿಂದ ಇನ್ನೊಂದು ಪತ್ರ: ಕಡಲ ಬದಿಯಲ್ಲೇ ಇದ್ದರೂ ನಮ್ಮ ಬಾವಿ ನೀರು ಸಿಹಿ, ಬೇಸಿಗೆಯಲ್ಲಿ ಮಾತ್ರ ಉಪ್ಪು, ಯಾಕೆ? ಒಂದು ಲೀಟರ್ ಸಿಹಿನೀರು ಒಂದು ಕಿಲೋ ತೂಗಿದರೆ ಕಡಲ ನೀರು ಸುಮಾರು 1,025 ಗ್ರಾಂ ತೂಗುತ್ತದೆ. ಹಗುರವಾದ ಸಿಹಿನೀರು ನೆಲದೊಳಗೆ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ಇದ್ದರೆ, ಅದರ ಅಡಿಯಲ್ಲಿ ಸುಮಾರು 40 ಅಡಿಯವರೆಗೂ ಸಿಹಿನೀರೇ ಇರುತ್ತದೆ ಅಂತ ಲೆಕ್ಕ. ಬೇಸಿಗೆಯಲ್ಲಿ ಪಂಪು ಹಾಕಿ ಆ ಒಂದು ಅಡಿ ಎಳೆದುಬಿಟ್ಟರೆ? ಕೆಳಗಿನ ಉಪ್ಪುನೀರು ಅದರ ಎಷ್ಟೋ ಪಟ್ಟು ಮೇಲೆ ಏರುತ್ತದೆ. ಆಮೇಲೆ ಅದನ್ನು ಹಿಂದಕ್ಕೆ ತಳ್ಳುವುದು ಸುಲಭ ಇಲ್ಲ. ಹಾಗಾಗಿ ಕಡಲ ಬದಿಯವರು ನೀರು ಹಿತಮಿತವಾಗಿ ಎತ್ತಬೇಕು.

ಈಗ ನಿಮಗೊಂದು ಕೆಲಸ. ನಿಮ್ಮ ಮನೆ ಮಾಡಿನ ಉದ್ದ, ಅಗಲ ಮೀಟರಿನಲ್ಲಿ ಅಳೆದು ಗುಣಿಸಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಮಾಡಾದರೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್! ಲೆಕ್ಕವನ್ನು ಮನೆಯಲ್ಲಿ ತೋರಿಸಿ. ಮಾಡಿನ ಅಂಚಿನಲ್ಲಿ ನೀರು ಹರಿಯುವ ದಂಬೆಯಿಂದ ಪೈಪು ಇಳಿಸಿ, ಜಲ್ಲಿ, ಮರಳಿನಲ್ಲಿ ಸೋಸಿ ಬಾವಿಗೆ ಅಥವಾ ಇಂಗುಗುಂಡಿಗೆ ಬಿಡಬಹುದು. ಮೊದಲ ಕೆಲವು ಮಳೆಯ ನೀರು ಬೇಡ, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತದೆ.

ಹಾಗೆಯೇ ಹಗ್ಗಕ್ಕೊಂದು ಕಲ್ಲು ಕಟ್ಟಿ, ತಿಂಗಳಿಗೊಮ್ಮೆ ನೀರು ಎಷ್ಟು ಕೆಳಗೆ ಉಂಟು ಅಂತ ಅಳೆದು ಬರೆದಿಡಿ. ಒಬ್ಬೊಬ್ಬರೇ ಬಾವಿಕಟ್ಟೆಗೆ ಬಗ್ಗಬೇಡಿ, ಅಪ್ಪನೋ ಅಜ್ಜಿಯೋ ಪಕ್ಕದಲ್ಲಿರಲಿ. ಮೇ ತಿಂಗಳ ಅಳತೆ, ಆಗಸ್ಟ್ ತಿಂಗಳ ಅಳತೆ ಎರಡನ್ನೂ ನಮಗೆ ಕಳುಹಿಸಿ. ಗುಡ್ಡದ ಮೇಲಿನ ಬಾವಿ ಯಾವುದು, ಗದ್ದೆ ಬದಿಯ ಬಾವಿ ಯಾವುದು ಅಂತ ಬರೆಯಲು ಮರೆಯಬೇಡಿ. ನಮಸ್ಕಾರ.