ಹವಳ ನೋಡಲು ಘಟ್ಟ ಇಳಿದಾಗ

ಕೇಳುಗರಿಗೆ ನಮಸ್ಕಾರ.

ನಮ್ಮ ಅತ್ತೆಯ ಕರಿಮಣಿ ಸರದಲ್ಲಿ ಎರಡು ಹವಳ ಇವೆ. ಮಕ್ಕಳಿಗೆ ಹವಳ ತೋರಿಸಲು ನೇತ್ರಾಣಿ ದ್ವೀಪಕ್ಕೆ ಹೋಗೋಣ ಅಂದಾಗ ಅವರು ಆ ಸರ ಎತ್ತಿ ಹಿಡಿದು, "ಇದನ್ನ ನೋಡೋಕೆ ಸಮುದ್ರಕ್ಕೆ ಯಾಕೆ ಹೋಗ್ಬೇಕು ಮಾರಾಯ್ತಿ?" ಅಂದರು.

ಅತ್ತೆಯ ಸರದ ಹವಳ ಬೇರೆ ಜಾತಿಯದ್ದು. ಒಡವೆಯ ಆ ಕೆಂಪು ಹವಳಕ್ಕೆ ಮೆಡಿಟರೇನಿಯನ್ ಸಮುದ್ರ ಹೆಸರುವಾಸಿ. ನೇತ್ರಾಣಿಯಲ್ಲಿ ಇರುವುದು ಬಂಡೆಗೆ ಅಂಟಿಕೊಂಡು ಬೆಳೆಯುವ ಹವಳ. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಅಕ್ಕಿಕಾಳಿನಷ್ಟು ಸಣ್ಣ ಪ್ರಾಣಿಗಳು ಸಾವಿರಗಟ್ಟಲೆ ಒಟ್ಟಿಗೆ ಕೂತು ಸುಣ್ಣದ ಮನೆ ಕಟ್ಟಿಕೊಂಡಿರುತ್ತವೆ. ಅವುಗಳ ಮೈಯೊಳಗೆ ಒಂದು ಬಗೆಯ ಪಾಚಿ ಇದೆ. ಅದು ಬಿಸಿಲಿನಲ್ಲಿ ಅಡುಗೆ ಮಾಡಿ ಹಾಕುತ್ತದೆ. ಬಿಸಿಲು ತಲುಪಬೇಕಾದರೆ ನೀರು ತಿಳಿಯಾಗಿರಬೇಕು. ಮಳೆಗಾಲದಲ್ಲಿ ನಮ್ಮ ಹೊಳೆಗಳು ಕೆಂಪಾಗಿ ಹರಿದು ಕರಾವಳಿ ಸೇರುವುದನ್ನು ನೋಡಿದ್ದೀರಲ್ಲ, ಆಗ ಹೋದರೆ ಕಾಣುವುದು ರಾಡಿಯೇ. ಹೇಗೂ ಆ ತಿಂಗಳುಗಳಲ್ಲಿ ಬೋಟೂ ಹೋಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೊರಡಿ.

ನೇತ್ರಾಣಿ ಇರುವುದು ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ, ಸಮುದ್ರದೊಳಗೆ. ಲಕ್ಷದ್ವೀಪ, ಅಂಡಮಾನಿನ ಹಾಗೆ ದೊಡ್ಡ ಹವಳದ ದಿಬ್ಬ ಇಲ್ಲಿಲ್ಲ. ಬಂಡೆಯ ಮೇಲೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಇದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ. ಟೀವಿಯಲ್ಲಿ ಕಂಡ ಬಣ್ಣ ಇಲ್ಲಿ ಹುಡುಕಿದರೆ ಮುಖ ಸಪ್ಪಗಾಗುತ್ತದೆ. ಮೀನುಗಳು ಮಾತ್ರ ಮೋಸ ಮಾಡುವುದಿಲ್ಲ.

ಇನ್ನು ಪ್ರಯಾಣ. ಬೋಟು ಹೊರಡುವುದು ಬೆಳಿಗ್ಗೆ ಬೇಗ. ಶಿವಮೊಗ್ಗದಿಂದ ಮುರುಡೇಶ್ವರಕ್ಕೆ ನಾಲ್ಕು ಗಂಟೆಯಾದರೂ ಬೇಕು. ನಡುರಾತ್ರಿ ಮಕ್ಕಳನ್ನು ಎಬ್ಬಿಸಿಕೊಂಡು ಘಟ್ಟ ಇಳಿಸಿ, ಅದೇ ನಿದ್ದೆಗಣ್ಣಲ್ಲಿ ಬೋಟು ಹತ್ತಿಸುವುದು ನನಗಂತೂ ಸರಿ ಕಾಣುವುದಿಲ್ಲ. ಹಿಂದಿನ ರಾತ್ರಿಯೇ ಹೋಗಿ ಮಲಗಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಾವೆಲ್ಲ ಯೋಚನೆ ಶುರು ಮಾಡುವುದು ಏನೇನು ಒಯ್ಯಬೇಕು ಅಂತ. ಶುರು ಮಾಡಬೇಕಾದದ್ದು ಬೋಟು ಯಾರು ಹತ್ತಬಾರದು ಅನ್ನುವಲ್ಲಿಂದ. ಹೋಗುವುದಕ್ಕೇ ಒಂದೂವರೆ ಗಂಟೆ. ಬೋಟು ದ್ವೀಪದ ಪಕ್ಕ ಲಂಗರು ಹಾಕಿ ನಿಲ್ಲುತ್ತದೆ, ದಡಕ್ಕೆ ಇಳಿಯುವ ಪ್ರಶ್ನೆ ಇಲ್ಲ. ನಿಂತ ಬೋಟು ಓಡುವ ಬೋಟಿಗಿಂತ ಜಾಸ್ತಿ ತೊನೆಯುತ್ತದೆ. ಶೌಚಾಲಯ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ನಾವು ಕೇಳಿರಲಿಲ್ಲ.

ಇನ್ನೊಂದು ತಪ್ಪು ನನ್ನ ಹೊಟ್ಟೆಯದು. ಬೆಳಿಗ್ಗೆ ಹೋಟೆಲಿನಲ್ಲಿ ಎರಡು ಮಸಾಲೆದೋಸೆ ತಿಂದು ಬೋಟು ಹತ್ತಿದೆ. ಗೋಪುರ ಕಣ್ಣಿಗೆ ಮರೆಯಾಗುವ ಮೊದಲೇ ದೋಸೆ ಸಮುದ್ರದ ಪಾಲಾಯಿತು. ಹಾಗಂತ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಎರಡು ಇಡ್ಲಿ, ಬಾಯಲ್ಲಿ ಒಂದು ಚೂರು ಶುಂಠಿ, ಕಣ್ಣು ದೂರದ ದಿಗಂತದ ಮೇಲೆ. ಮೊಬೈಲು ಚೀಲದಲ್ಲಿ.

ನಮ್ಮ ಹುಡುಗನಿಗೆ ಐದು ವರ್ಷ. ಅವನೂ ಅತ್ತೆಯೂ ನಮ್ಮ ಮನೆಯವರೂ ದಡದಲ್ಲೇ ಉಳಿದರು. ನಾನು, ಹನ್ನೆರಡು ವರ್ಷದ ಮಗಳು ಮಾತ್ರ ಹೋದೆವು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು. ಉಬ್ಬಸ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು, ಬಸುರಿಯರು ಮುಳುಗಲೇಬಾರದು. ನೆಗಡಿ ಆದವರೂ ಅಷ್ಟೇ, ಮೂಗು ಕಟ್ಟಿದ್ದರೆ ನೀರಿನ ಒತ್ತಡಕ್ಕೆ ಕಿವಿ ನೋಯುತ್ತದೆ. ಮಲೆನಾಡಿನ ಮಕ್ಕಳಿಗೆ ಮೂಗು ಸೋರದ ದಿನ ಹುಡುಕುವುದೇ ಕಷ್ಟ, ಅಲ್ವಾ? ಮಗಳಿಗೂ ಅವತ್ತು ನೆಗಡಿ. ಅವಳು ಲೈಫ್ ಜಾಕೆಟ್ ಹಾಕಿಕೊಂಡು, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ, ನೀರಿನ ಮೇಲೇ ಬೋರಲಾಗಿ ತೇಲಿದಳು. ಕಂಡದ್ದೇನೂ ಕಡಿಮೆ ಆಗಲಿಲ್ಲ.

ಮುಳುಗುವವರಿಗೆ ಇನ್ನೊಂದು ಮಾತು. ಒಂದು ಸಲ ಮುಳುಗಿದ ಮೇಲೆ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದು ಅನ್ನುತ್ತಾರೆ. ನಮಗೆ ವಿಮಾನ ಇಲ್ಲ, ಆದರೆ ಎತ್ತರಕ್ಕೆ ಏರುವ ಘಟ್ಟ ಇದೆಯಲ್ಲ! ಸಾಗರ ಪಟ್ಟಣ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಅವತ್ತೇ ಊರಿಗೆ ಹೊರಡುವುದಾದರೆ ತರಬೇತಿ ಕೊಡುವವರಿಗೆ ಮೊದಲೇ ತಿಳಿಸಿ, ಅವರು ಹೇಳಿದ ಹಾಗೆ ಮಾಡಿ.

ನೀರಿಗೆ ಇಳಿದ ಮೇಲೆ ಕಾಲೂರಬೇಡಿ. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ತೆಂಗಿನಕಾಯಿ ಗಾತ್ರಕ್ಕೆ ಬರಲು ಅದಕ್ಕೆ ಎಷ್ಟೋ ವರ್ಷ ಬೇಕು. ಒಂದು ಚೂರು ಮುರಿದು ಶೋಕೇಸಿಗೆ ತರೋಣ ಅಂತ ಯಾರಾದರೂ ಅಂದರೆ, 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೂ ರಕ್ಷಣೆ ಇದೆ ಅಂತ ನೆನಪಿಸಿ. ಬಿಸಿಲಿಗೆ ಕ್ರೀಮ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಅಂಗಿ ಹಾಕಿ. ಕೆಲವು ಕ್ರೀಮುಗಳಲ್ಲಿರುವ ರಾಸಾಯನಿಕ ಹವಳಕ್ಕೆ ಆಗಿಬರುವುದಿಲ್ಲ ಅಂತ ಹವಾಯಿಯಲ್ಲಿ 2021ರಿಂದ ಅಂಥವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ.

ದಡದಲ್ಲಿ ಉಳಿದವರು ಸುಮ್ನೆ ಕೂರಲಿಲ್ಲ. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಸಣ್ಣ ಸಣ್ಣ ಹೊಂಡ ಉಳಿಯುತ್ತವೆ. ಅಂಥ ಒಂದು ಹೊಂಡದಲ್ಲಿ ಹುಡುಗನಿಗೆ ಕಡಲ ಹೂವು ಸಿಕ್ಕಿತು. ಹೂವು ಅನ್ನುವುದು ಹೆಸರಿಗೆ, ಅದೂ ಪ್ರಾಣಿ, ಹವಳದ ಹತ್ತಿರದ ನೆಂಟ. ಎಸಳುಗಳನ್ನು ನೀರಿನಲ್ಲಿ ಬಿಚ್ಚಿಕೊಂಡು ಕೂತಿತ್ತಂತೆ. ಅವನು ಹುಲ್ಲುಕಡ್ಡಿ ತಾಗಿಸಿದನಂತೆ, ಅದು ಒಳಗೆ ಎಳೆದುಕೊಂಡು ಗೋಲಿಯಷ್ಟಾಯಿತಂತೆ. "ಅಮ್ಮಾ, ನಾಚಿಕೆಮುಳ್ಳು!" ಅಂತ ನಾನು ಬೋಟಿನಿಂದ ಇಳಿಯುವ ಮೊದಲೇ ಕೂಗಿದ. ನಾನು ದೋಸೆ ಕಳೆದುಕೊಂಡು ನೋಡಿ ಬಂದದ್ದರ ನೆಂಟನನ್ನು ಅವನು ಮೊಣಕಾಲು ನೀರಿನಲ್ಲಿ ನೋಡಿದ್ದ.

ದಿನ ಗೊತ್ತು ಮಾಡುವಾಗ ಪಂಚಾಂಗ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ, ಬಂಡೆಯ ಹೊಂಡಗಳಿಗೆ ಅದೇ ಒಳ್ಳೆಯದು. ಅಷ್ಟಮಿಯ ಸುತ್ತ ಉಬ್ಬರ ಇಳಿತ ಎರಡೂ ಕಡಿಮೆ, ಸೆಳೆತವೂ ಕಡಿಮೆ. ನೀರಿಗಿಳಿಯುವವರಿಗೆ ಅದು ಅನುಕೂಲ. ಮನೆಯಲ್ಲಿ ಯಾರ ಕಡೆ ಜನ ಜಾಸ್ತಿಯೋ ನೋಡಿಕೊಳ್ಳಿ.

ಹಿಂದಿನ ಸಂಜೆ ಬೋಟಿನವರಿಗೆ ಫೋನ್ ಮಾಡಿ. ಗಾಳಿ ಇದೆ, ಬೇಡ ಅಂದರೆ ವಾದ ಮಾಡಬೇಡಿ. ಮುಂಗಡ ಹಣ ವಾಪಸ್ ಸಿಗುತ್ತದಾ ಅನ್ನುವುದನ್ನು ಮಾತ್ರ ಕೊಡುವ ಮೊದಲೇ ಕೇಳಿಕೊಂಡಿರಿ.

ಮರಳುವಾಗ ಗೇರುಸೊಪ್ಪೆ ಘಟ್ಟ ಹತ್ತಿ ಮಾವಿನಗುಂಡಿ ಹತ್ತಿರ ಬಂದಾಗ ಗಾಳಿ ತಣ್ಣಗಾಗುತ್ತದೆ, ಹಸಿವೂ ಆಗುತ್ತದೆ. ಮಸಾಲೆದೋಸೆ ಆಗ ತಿನ್ನಿ.

ನಮಸ್ಕಾರ.