ಆರಾಮಾದ ಮೇಲೂ ಆಪ್ತಸಮಾಲೋಚನೆ ಯಾಕೆ?

(ದೃಶ್ಯ: ದಾವಣಗೆರೆ, ಕುಂದವಾಡ ಕೆರೆ ಏರಿ. ಬೆಳಗಿನ ವಾಕಿಂಗ್‌ ಹೊತ್ತು.)

ನಮಸ್ಕಾರ್ರೀ. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರೋ ಒಬ್ಬರು ಅಂದ್ಕೊಳ್ಳಿ. ಮೂರು ಸಲ ಖಿನ್ನತೆ ಬಂದು ಹೋಗಿದೆ. ಈಗ ಆರಾಮಿದ್ದಾರೆ, ಬೆಣ್ಣೆದೋಸೆ ಮತ್ತೆ ರುಚಿ ಹತ್ತಿದೆ. "ಈಗ್ಯಾಕ್ರೀ ಕೌನ್ಸೆಲಿಂಗು?" ಅಂತಾರೆ. ಈಗಲೇ ಬೇಕ್ರೀ.

ಎಷ್ಟು ಸಲ ಬಂದಿದೆಯೋ, ಮತ್ತೆ ಬರೋ ಸಾಧ್ಯತೆ ಅಷ್ಟು ಹೆಚ್ಚು. ಮೊದಲ ಸಲ ಎಷ್ಟೋ ಜನಕ್ಕೆ ದೊಡ್ಡ ಪೆಟ್ಟೇ ಬಿದ್ದಿರುತ್ತೆ: ಸಾವು, ಸಾಲ, ಕೈಕೊಟ್ಟ ಮೆಕ್ಕೆಜೋಳ. ನಾಲ್ಕನೇ ಸಲಕ್ಕೆ ಅಷ್ಟೆಲ್ಲ ಬೇಡ. ಗಿರಾಕಿ ರೇಗಿ ಹೋದ, ಮನಸ್ಸು ಸ್ವಲ್ಪ ಮಂಕಾಯ್ತು, "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನೋ ಹಳೇ ಯೋಚನೆ ಎದ್ದು ಕೂರುತ್ತೆ. ಆಮೇಲೆ ಮೆಲುಕು. ಎಮ್ಮೆ ಮೆಲುಕು ಹಾಕಿದ್ರೆ ಮೇವಾದ್ರೂ ಅರಗುತ್ತೆ, ನಮ್ದು ಅರಗೋದೇ ಇಲ್ಲ!

ಈ ಮೆಲುಕಿಗೇ ಕೈ ಹಾಕೋ ಚಿಕಿತ್ಸೆ ಎಂಬಿಸಿಟಿ, ಅಂದ್ರೆ ಮೈಂಡ್‌ಫುಲ್‌ನೆಸ್ (ಈ ಕ್ಷಣಕ್ಕೆ ಗಮನ ಕೊಡೋ ಅಭ್ಯಾಸ) ಆಧಾರಿತ ಕಾಗ್ನಿಟಿವ್ ಥೆರಪಿ. ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ರೂಪಿಸಿದ್ದು. ವಾರಕ್ಕೊಂದರಂತೆ 8 ವಾರ ಗುಂಪಿನಲ್ಲಿ ಕ್ಲಾಸು, ಮನೇಲಿ ದಿನಾ ಅಭ್ಯಾಸ. ಯೋಚನೆ ಜೊತೆ ಜಗಳಕ್ಕೆ ನಿಲ್ಲಲ್ಲ. "ಓ, ಹಳೇ ಗಿರಾಕಿ ಬಂದ" ಅಂತ ಗುರುತಿಸಿ, ಉಸಿರಿನ ಕಡೆ ಗಮನ ತರೋದು. ಕೇಳೋಕೆ ಸಲೀಸು. ಕೂತು ನೋಡಿ, ಎರಡೇ ನಿಮಿಷಕ್ಕೆ ಮನಸ್ಸು ಬಸ್‌ಸ್ಟ್ಯಾಂಡ್ ಸುತ್ತಿ ಬಂದಿರುತ್ತೆ.

(ಪರದೆ ಮೇಲೆ: 66 – 37)

2000ದಲ್ಲಿ ಪ್ರಕಟವಾದ ಅಧ್ಯಯನ. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದವರಲ್ಲಿ, ಎಂದಿನ ಆರೈಕೆಯಷ್ಟೇ ಸಿಕ್ಕವರಿಗೆ 60 ವಾರದೊಳಗೆ ಶೇ. 66 ಮಂದಿಗೆ ಮರುಕಳಿಸಿತು. ಎಂಬಿಸಿಟಿ ಕಲಿತವರಲ್ಲಿ ಶೇ. 37. ಎರಡೇ ಸಲ ಬಂದವರಿಗೆ ಮಾತ್ರ ಇದರಿಂದ ಲಾಭ ಕಾಣಲಿಲ್ಲ, ಅದನ್ನೂ ಹೇಳ್ಬೇಕು.

ಮಾತ್ರೆಗಿಂತ ಮೇಲಾ? 2015ರಲ್ಲಿ ಬ್ರಿಟನ್ನಿನ 424 ಜನರ ಅಧ್ಯಯನ ಬಂತು. ಎರಡು ವರ್ಷದಲ್ಲಿ ಮರುಕಳಿಸಿದ್ದು, ಎಂಬಿಸಿಟಿ ಕಲಿತು ವೈದ್ಯರ ನಿಗಾದಲ್ಲಿ ಮಾತ್ರೆ ಇಳಿಸಿದವರಲ್ಲಿ ಶೇ. 44, ಮಾತ್ರೆ ಮುಂದುವರಿಸಿದವರಲ್ಲಿ ಶೇ. 47. ಹೆಚ್ಚುಕಮ್ಮಿ ಸಮ. ಹಂಗಂತ ಈ ವಿಡಿಯೋ ನೋಡಿ ಮಾತ್ರೆ ಬಿಟ್ಟೀರಿ ಮತ್ತೆ!

ಎಂಬಿಸಿಟಿ ಕ್ಲಾಸು ಹತ್ರದಲ್ಲಿ ಸಿಗದಿದ್ರೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋದು ಕಲಿಸೋ ಮಾತಿನ ಚಿಕಿತ್ಸೆ) ಕೇಳಿ, ಅದೂ ಮರುಕಳಿಸೋ ಸಾಧ್ಯತೆ ಕಡಿಮೆ ಮಾಡುತ್ತೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡ್ಬಹುದು.

(ದೃಶ್ಯ: ಬೀರು ಬಾಗಿಲ ಒಳಗೆ ಅಂಟಿಸಿದ ಹಾಳೆ.)

ಖಿನ್ನತೆ ಮತ್ತೆ ಬರೋ ಮುನ್ಸೂಚನೆಗಳನ್ನ ಇಂಥ ಚಿಕಿತ್ಸೆಗಳಲ್ಲಿ ಬರೆಸೋ ಹಾಳೆ ಇದು. ನಮ್ಮ ಅಂಗಡಿಯವರು ಬರೆದಿರೋದು: ನಾಲ್ಕಕ್ಕೇ ಎಚ್ಚರ, ಫೋನ್ ಎತ್ತೋಕೆ ಬೇಜಾರು, ವಾಕಿಂಗ್ ತಪ್ಪೋದು. ಹೆಂಡ್ತಿಗೂ ಓದಿಸಿದ್ದಾರೆ. ಹಂಗಾಗಿ ಒಂದಿನ ಆಕೆ ಕೇಳಿದ್ರು: "ಏನ್ರೀ, ಮೂರು ದಿನ ಆಯ್ತು, ಕೆರೆ ಕಡೆ ಹೋಗೇ ಇಲ್ಲ?"